ಕೆಂಪು ಬಟನ್ ಒತ್ತಿದವರು

ನವಿ ಮುಂಬಯಿಯ ಮಹಾಪೆಯಲ್ಲಿದ್ದ ಆ ಆಫೀಸು ಕಟ್ಟಡದ ಮೂರನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಒಯ್ಯುವಂತಿರಲಿಲ್ಲ. ಇದು ಎರಡು ಸಾವಿರದ ಹತ್ತರ ಆಚೀಚೆಯ ಮಾತು. ಅಲ್ಲಿ ಕ್ಯಾಂಟೀನಿನ ಗುತ್ತಿಗೆ ಹಿಡಿದಿದ್ದ ಉಡುಪಿಯ ಧಣಿಗಳು ಆ ಷರತ್ತಿಗೆ ಒಪ್ಪಿ ಸಹಿ ಹಾಕಿ ಬಂದಿದ್ದರು. ಹಾಗಾಗಿ ಅಡುಗೆಯೆಲ್ಲ ಕರೆಂಟಿನ ಮೇಲೆ. ಸಾಂಬಾರಿಗೆ, ಎಣ್ಣೆಯ ಬಾಣಲೆಗೆ ನಾಲ್ಕು ಹಾಟ್‌ಪ್ಲೇಟುಗಳ ದೊಡ್ಡ ಒಲೆ, ಅದರ ಪಕ್ಕದಲ್ಲಿ ದೋಸೆ ಕಾವಲಿ. ಎರಡಕ್ಕೂ ವೈರಿಂಗ್ ಮಾಡುವ ಕೆಲಸ ನನಗೆ ಬಂತು.

ಬರೀ ವೈರಿಂಗ್ ಆಗಿದ್ದರೆ ನಾಲ್ಕು ದಿನದ ಕೆಲಸ. ಆದರೆ ಕಟ್ಟಡದವರು ಅದಕ್ಕೊಂದು ಬಾಲ ಅಂಟಿಸಿದ್ದರು. ಅಡುಗೆಮನೆಯ ಬಾಗಿಲ ಬಳಿಯ ಕೆಂಪು ಬಟನ್ ಒತ್ತಿದರೆ, ಒಲೆಯ ಮೇಲಿನ ಹೊಗೆಗೂಡು ಮಿತಿಮೀರಿ ಬಿಸಿಯಾದರೆ, ಹೊಗೆ ಎಳೆಯುವ ಫ್ಯಾನ್ ನಿಂತರೆ, ಅಥವಾ ಕಟ್ಟಡದ ಬೆಂಕಿಯ ಗಂಟೆ ಬಾರಿಸಿದರೆ, ಈ ನಾಲ್ಕರಲ್ಲಿ ಯಾವುದಾದರೂ ಸರಿ, ಒಲೆ, ಕಾವಲಿ ಎರಡರ ಕರೆಂಟೂ ತಾನಾಗಿ ಕಡಿದುಹೋಗಬೇಕು. ಹೋದದ್ದು ತಾನಾಗಿ ವಾಪಸು ಬರಬಾರದು. ಯಾರಾದರೂ ಬಂದು ಹಸಿರು ಬಟನ್ ಒತ್ತಿದರೆ ಮಾತ್ರ ಬರಬೇಕು.

ನಾನು ನನಗೆ ಗೊತ್ತಿದ್ದ ಸುಲಭದ ದಾರಿ ಹಿಡಿದೆ. ಮೈನ್ ಬ್ರೇಕರಿಗೆ ಒಂದು ಟ್ರಿಪ್ ಕಾಯಿಲ್ ಜೋಡಿಸಿದೆ. ಬಟನ್ ಒತ್ತಿದರೆ ಕಾಯಿಲಿಗೆ ಕರೆಂಟು ಹೋಗಿ ಅದು ಬ್ರೇಕರನ್ನು ಬೀಳಿಸುತ್ತದೆ. ಒತ್ತಿ ನೋಡಿದೆ, ಬಿತ್ತು. ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಪರೀಕ್ಷೆಗೆ ಬಂದವರು ಠಾಣೆಯ ಒಬ್ಬ ಅಗ್ನಿಸುರಕ್ಷಾ ಸಲಹೆಗಾರರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಟೆಸ್ಟರ್. ಬಟನ್ನಿನ ಮುಚ್ಚಳ ಬಿಚ್ಚಿ, ಒಂದು ವೈರನ್ನು ಎಳೆದು ಹೊರಗೆ ಬಿಟ್ಟು, ನನ್ನನ್ನು ನೋಡಿ ಮರಾಠಿಯಲ್ಲಿ "ಆತಾ ದಾಬಾ" ಎಂದರು. ಈಗ ಒತ್ತಿ ಅಂತ. ಒತ್ತಿದೆ. ಏನೂ ಆಗಲಿಲ್ಲ.

"ಉಂದರಾನೇ ವಾಯರ್ ಖಾಲ್ಲೀ ತರ್?"

ಇಲಿ ವೈರು ಕಡಿದರೆ ಏನು ಗತಿ ಎಂದು ಕೇಳಿದ್ದು. ಅಡುಗೆಮನೆಯ ಮಾಡಿನೊಳಗೆ ಇಲಿ ಇರುವುದಿಲ್ಲ ಎಂದು ವಾದಿಸಲು ನನಗೆ ಬಾಯಿ ಬರಲಿಲ್ಲ. ವೈರು ತುಂಡಾದರೂ ಒಲೆ ಆರಬೇಕು, ಉರಿಯುತ್ತಲೇ ಇರುವ ಸುರಕ್ಷೆ ಸುರಕ್ಷೆಯಲ್ಲ ಎಂದು ಹೇಳಿ ಅವರು ಹೋದರು. ಹೋಗುವಾಗ ಒಂದು ಹಾಳೆಯನ್ನೂ ಕೊಟ್ಟರು. ಪ್ರತಿ ಪರೀಕ್ಷೆಗೂ, ಪ್ರತಿ ಘಟನೆಗೂ ಅದನ್ನು ತುಂಬಿಸಬೇಕಂತೆ. ಯಾವ ದಿನ, ಏನು ಕಾರಣ, ಕರೆಂಟು ಕಡಿಯಿತೋ ಇಲ್ಲವೋ, ಬಟನ್ ಒತ್ತಿದವರು ಯಾರು. ಒತ್ತಿದವರ ಹೆಸರು ಬರೆದು ಏನು ಉಪ್ಪಿನಕಾಯಿ ಹಾಕುತ್ತಾರೋ ಎಂದು ನನಗೆ ಸಿಟ್ಟು ಬಂತು.

ಮಾಡಿದ್ದನ್ನೆಲ್ಲ ಕಿತ್ತು ಮೊದಲಿನಿಂದ ಮಾಡಿದೆ. ಡೊಂಬಿವಲಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ಹೊಸ ಪೆಟ್ಟಿಗೆ ಮಾಡಿಸಿದೆ. ಅಲ್ಲಿಯ ಗಾಳಿಗೆ ಕಣ್ಣು ಉರಿಯುತ್ತಿತ್ತು, ನನಗೆ ಹೊಟ್ಟೆಯೂ ಉರಿಯುತ್ತಿತ್ತು. ಈ ಸಲ ಕಾಂಟ್ಯಾಕ್ಟರ್ ಹಾಕಿದೆ. ಅದು ಅಯಸ್ಕಾಂತದ ಸ್ವಿಚ್ಚು. ಕಾಯಿಲಿಗೆ ಕರೆಂಟು ಇರುವವರೆಗೆ ಎದುರಿನ ಕಪ್ಪು ಪಟ್ಟಿಯನ್ನು ಒಳಗೆಳೆದು ಹಿಡಿದುಕೊಂಡಿರುತ್ತದೆ, ಒಲೆ ಉರಿಯುತ್ತದೆ. ಕಾಯಿಲಿನ ಕರೆಂಟು ಹೋದ ಕೂಡಲೆ ಸ್ಪ್ರಿಂಗು ಪಟ್ಟಿಯನ್ನು ಹೊರಗೆ ತಳ್ಳುತ್ತದೆ, 'ಟಕ್' ಎಂದು ಸದ್ದಾಗಿ ಒಲೆ ಆರುತ್ತದೆ. ಕೆಂಪು ಬಟನ್, ಹೊಗೆಗೂಡಿನ ಶಾಖದ ಸ್ವಿಚ್, ಫ್ಯಾನಿನ ಗಾಳಿಯ ಸ್ವಿಚ್, ಬೆಂಕಿಯ ಗಂಟೆಯ ರಿಲೇ, ನಾಲ್ಕನ್ನೂ ಒಂದೇ ದಾರಕ್ಕೆ ಪೋಣಿಸಿ ಆ ಕಾಯಿಲಿಗೆ ಕೊಟ್ಟೆ. ಎಲ್ಲಿ ತುಂಡಾದರೂ ಟಕ್. ಸಲಹೆಗಾರರು ಮತ್ತೆ ಬಂದರು, ಮತ್ತೆ ವೈರು ಎಳೆದರು. ಟಕ್. ತಲೆಯಾಡಿಸಿ ಸಹಿ ಹಾಕಿದರು.

ಪೀಡೆ ಕಳೆಯಿತು ಅಂದುಕೊಂಡೆ. ಕ್ಯಾಂಟೀನು ಶುರುವಾಗಿ ಒಂಬತ್ತನೇ ದಿನ, ಬೆಳಿಗ್ಗೆ ಎಂಟೂವರೆಗೆ, ನಾನು ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಟೂಲ್ ಬ್ಯಾಗ್ ತಬ್ಬಿಕೊಂಡು ನಿಂತಿದ್ದಾಗ ಫೋನ್ ಬಂತು.

"ಎಂತ ಮಾರಾಯ್ರೆ, ನಿಮ್ಮ ಪೆಟ್ಟಿಗೆ ಟಕ್ ಹೇಳಿತು. ಕಾವಲಿ ಆರಿತು. ಹಸಿರು ಒತ್ತಿದ್ರೆ ಮತ್ತೆ ಟಕ್. ನಲ್ವತ್ತು ಜನ ಟೋಕನ್ ಹಿಡ್ಕೊಂಡು ನನ್ನ ಮುಖ ನೋಡ್ತಾ ಇದ್ದಾರೆ. ನಾನೆಂತ ಮಾಡುದು?"

ಮಾತಾಡಿದವರು ದೋಸೆ ಭಟ್ರು. ಹೋಟೆಲಿನವರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತು ದಾಟಿದ ಮನುಷ್ಯ. ಮುಂಬಯಿ ಸೇರಿ ಮೂವತ್ತು ವರ್ಷವಾಗಿತ್ತು, ಅಷ್ಟೂ ವರ್ಷ ಕಾವಲಿಯ ಎದುರೇ. ಕಾವಲಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಸದ್ದು ಕೇಳಿಯೇ ಹೇಗಿದೆ ಎಂದು ಹೇಳುತ್ತಿದ್ದರು. ಆರಿದ ಕಾವಲಿ ಮತ್ತೆ ಹದಕ್ಕೆ ಬರಲು ಇಪ್ಪತ್ತು ನಿಮಿಷ ಬೇಕು, ಮೊದಲ ಎರಡು ದೋಸೆ ಹರಿದೇ ಏಳುತ್ತದೆ. ಅವರ ಹಣೆಬರಹಕ್ಕೆ ಕರೆಂಟು ಹೋಗುತ್ತಿದ್ದದ್ದು ಯಾವಾಗಲೂ ಎಂಟೂವರೆಯ ಗದ್ದಲದಲ್ಲೇ.

ಕಾರಣ ಹುಡುಕಲು ಹತ್ತು ದಿನ ಹಿಡಿಯಿತು. ನನ್ನ ಮನೆಯಿದ್ದ ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ವಾಶಿಯ ಗಾಡಿ ಬದಲಿಸಿ ಘಣಸೋಲಿ, ಅಲ್ಲಿಂದ ರಿಕ್ಷಾ. ನಾನು ಮುಟ್ಟುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ನೋಡಿದ ದಿನ ಕೈ ಕೊಡುವುದಿಲ್ಲ, ನೋಡದ ದಿನ ಬಿಡುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಕಾಂಟ್ಯಾಕ್ಟರ್ ಕಂಪನಿಯನ್ನು ಬೈದೆ, ಕಟ್ಟಡದ ವೋಲ್ಟೇಜನ್ನು ಬೈದೆ, ಮಹಾಪೆಯನ್ನೇ ಬೈದೆ.

ಹನ್ನೊಂದನೇ ದಿನ ಬೆಳಿಗ್ಗೆ ಆರಕ್ಕೇ ಹೋಗಿ ಕೂತೆ. ಎಂಟೂವರೆ ಆಯಿತು, ಒಂಬತ್ತಾಯಿತು, ದೋಸೆ ಸರಾಗವಾಗಿ ಹೋಗುತ್ತಿತ್ತು. ಅನುಮಾನ ಬಂದು ಹೊಗೆಯ ಫ್ಯಾನನ್ನು ನಾನೇ ಆರಿಸಿದೆ. ಒಲೆ ಆರಬೇಕಿತ್ತು. ಆರಲಿಲ್ಲ. ಓಡಿ ಪೆಟ್ಟಿಗೆ ತೆಗೆದರೆ, ಕಾಂಟ್ಯಾಕ್ಟರಿನ ಕಪ್ಪು ಪಟ್ಟಿ ಒಳಗೇ ಇದೆ. ಸಂದಿಯಲ್ಲಿ ಊದಿನಕಡ್ಡಿ ಪ್ಯಾಕೆಟಿನ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿದ್ದಾರೆ.

"ಯಾರು ಇದು ಮಾಡಿದ್ದು?"

"ನಾನೇ," ಎಂದರು ಭಟ್ರು, ದೋಸೆ ಮಗುಚುತ್ತಾ. "ಮೊನ್ನೆ ನೀವು ಸ್ಕ್ರೂಡ್ರೈವರಲ್ಲಿ ಅದನ್ನು ಒತ್ತಿ ಹಿಡಿದು ಒಲೆ ಹೊತ್ತಿಸಿದ್ರಲ್ಲಾ. ನಿಮ್ಮ ಕೈ ಇಡೀ ದಿನ ಇಲ್ಲಿ ಇರ್ತದಾ? ಅದಕ್ಕೆ ರಟ್ಟು ಇಟ್ಟೆ."

ಗಿರಾಕಿಗಳ ಎದುರೇ ನಾನು ಕೂಗಾಡಿದೆ. ಕಟ್ಟಡ ಸುಡುತ್ತೀರಾ, ನಿಮಗೆ ತಲೆ ಇದೆಯಾ ಎಂದೆಲ್ಲ ಕೇಳಿದೆ. ಅವರು ಸೌಟು ಕೆಳಗಿಟ್ಟು ಗೋಡೆಯ ಮೇಲಿದ್ದ ದೇವರ ಪಟದತ್ತ ಕೈ ಮಾಡಿದರು.

"ತಪ್ಪಾಯ್ತು. ದೇವರಾಣೆ ಇನ್ನು ಮುಟ್ಟುದಿಲ್ಲ. ಆದ್ರೆ ನೀವೂ ಅದನ್ನು ಸರಿ ಮಾಡಿ ಮಾರಾಯ್ರೆ. ಎಣ್ಣೆ ಬಾಣಲೆ ಏರುವ ಹೊತ್ತಿಗೇ ಅದು ಯಾಕೆ ಹೋಗುದು ಅಂತ ಒಮ್ಮೆ ನೋಡಿ."

ಅವರು ಹೇಳಿದ ಆ ಮಾತಿನಲ್ಲೇ ಉತ್ತರ ಇತ್ತು. ಎಣ್ಣೆಯ ಹೊಗೆಗೆ ಗೂಡಿನ ಜಾಲರಿ ಅರ್ಧ ಕಟ್ಟಿಹೋಗಿತ್ತು. ಗಾಳಿ ಕಡಿಮೆಯಾಗಿ ಗಾಳಿಯ ಸ್ವಿಚ್ಚಿನ ರೆಕ್ಕೆ ಒಂದು ಕ್ಷಣ ಕೆಳಗೆ ಬಿದ್ದು ಏಳುತ್ತಿತ್ತು, ಅಷ್ಟಕ್ಕೇ ಕಾಂಟ್ಯಾಕ್ಟರ್ ಕೈಬಿಡುತ್ತಿತ್ತು. ಹತ್ತು ಸೆಕೆಂಡು ತಡೆದು ಕಡಿಯುವ ಟೈಮರ್ ಹಾಕಿದೆ, ವಾರಕ್ಕೊಮ್ಮೆ ಜಾಲರಿ ತೊಳೆಯಲು ಹೇಳಿದೆ. ಪೆಟ್ಟಿಗೆಗೆ ಬೀಗವನ್ನೂ ಹಾಕಿದೆ. ಧಣಿಗಳು ಬೀಗದ ಕೈಯನ್ನು ದೇವರ ಪಟದ ಹಿಂದೆ ಮೊಳೆಗೆ ತೂಗುಹಾಕಿದರು. ಅದು ಅಲ್ಲಿರುವುದು ಅಡುಗೆಮನೆಯ ಜಿರಳೆಗಳಿಗೂ ಗೊತ್ತಿತ್ತು.

ಆಮೇಲೆ ಎರಡು ತಿಂಗಳು ಫೋನ್ ಇಲ್ಲ. ಅದೇ ಕಟ್ಟಡದ ಮಾಲೀಕರು ಐರೋಲಿಯಲ್ಲಿ ಮತ್ತು ಠಾಣೆಯಲ್ಲಿ ಇನ್ನೆರಡು ಅಡುಗೆಮನೆಗಳ ಕೆಲಸವನ್ನು ನನಗೇ ಕೊಡುವ ಮಾತಾಡಿದ್ದರು.

ನವರಾತ್ರಿ ಬಂತು. ನವಮಿಯ ದಿನ ಆಯುಧಪೂಜೆಗೆ ಧಣಿಗಳು ನನ್ನನ್ನೂ ಕರೆದರು. ಕ್ಯಾಂಟೀನಿಗೆ ರಜೆ. ರುಬ್ಬುವ ಯಂತ್ರ, ಒಲೆ, ಕಾವಲಿ ಎಲ್ಲ ತೊಳೆದು ಸೇವಂತಿಗೆ ಮಾಲೆ ಹಾಕಿದ್ದರು. "ಪೆಟ್ಟಿಗೆ ನಿಮ್ಮ ಆಯುಧ, ನೀವೇ ಮಾಡಿ," ಎಂದರು ಧಣಿಗಳು. ನಾನು ಡೊಂಬಿವಲಿಯಿಂದ ಹೆಂಡತಿ ತೇಯ್ದುಕೊಟ್ಟ ಗಂಧವನ್ನು ಡಬ್ಬಿಯಲ್ಲಿ ತಂದಿದ್ದೆ. ಮೈನ್ ಆರಿಸಿ, ಬೀಗ ತೆಗೆದು, ನಮ್ಮ ಕಸುಬಿನವರೆಲ್ಲ ಮಾಡುವ ಹಾಗೆ ಒಳಗಿನ ಮುಖ್ಯ ಸಾಮಾನಿಗೆ ಬೊಟ್ಟಿಟ್ಟೆ. ಕಾಂಟ್ಯಾಕ್ಟರಿನ ನಡುಮಧ್ಯಕ್ಕೆ ಹೆಬ್ಬೆರಳಿನಷ್ಟು ಗಂಧ, ಅದರ ಮೇಲೆ ಕುಂಕುಮ. ಆರತಿಯಾದ ಮೇಲೆ ಮೈನ್ ಹಾಕಿ ಹಸಿರು ಬಟನ್ ಒತ್ತಿ ಒಲೆ ಹೊತ್ತಿಸಿದೆ. ಭಟ್ರು ಮೊದಲ ದೋಸೆ ಹೊಯ್ದು ದೇವರಿಗಿಟ್ಟು, ಎರಡನೆಯದನ್ನು ನನಗೆ ಕೊಟ್ಟರು.

ನಾಲ್ಕು ದಿನ ಬಿಟ್ಟು ಭಟ್ರ ಫೋನ್ ಬಂತು. ನಾನು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ಸಿಕ್ಕಿಬಿದ್ದಿದ್ದೆ.

"ಈಗ ಒಳ್ಳೆದಾಯ್ತು ಮಾರಾಯ್ರೆ. ಇವತ್ತು ಬೆಳಿಗ್ಗೆ ಮೈನ್ ಹಾಕಿದ ಕೂಡ್ಲೆ ಕಾವಲಿ ಬಿಸಿ ಆಯ್ತು. ಹಸಿರು ಬಟನ್ನಿನ ರಗಳೆಯೇ ಇಲ್ಲ. ನೀವೇ ಎಂತಾದ್ರೂ ಮಾಡಿದ್ದಾ?"

"ಆಯ್ತು ಭಟ್ರೆ, ಆಮೇಲೆ ಮಾತಾಡ್ತೇನೆ," ಎಂದು ಫೋನ್ ಇಟ್ಟೆ. ಆಮೇಲೆ ಮಾತಾಡಲಿಲ್ಲ. ಹಸಿರು ಒತ್ತದೆ ಒಲೆ ಹೊತ್ತುತ್ತದೆ ಎಂದರೆ ಕಾಂಟ್ಯಾಕ್ಟರ್ ಹಿಂದಿನ ರಾತ್ರಿ ಕೈಬಿಟ್ಟೇ ಇಲ್ಲ ಎಂದು ಅರ್ಥ. ಅಷ್ಟು ತಿಳಿಯದವನೇನಲ್ಲ ನಾನು. ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ.

ದೀಪಾವಳಿಗೆ ಇನ್ನೂ ವಾರ ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ, ಚಹಾದ ಜೊತೆಯ ಗೋಳಿಬಜೆಗೆ ಇಟ್ಟಿದ್ದ ಎಣ್ಣೆ ಹೊತ್ತಿಕೊಂಡಿತು. ಭಟ್ರು ಓಡಿಹೋಗಿ ಕೆಂಪು ಬಟನ್ ಒತ್ತಿದರಂತೆ. ಕರೆಂಟು ಇದೆಯೆಂದು ತೋರಿಸುವ ಒಲೆಯ ದೀಪ ಆರಲಿಲ್ಲ, ಪ್ಲೇಟು ಬೆಂಕಿಯ ಕೆಳಗೆ ಕಾಯುತ್ತಲೇ ಇತ್ತು. ಇಡ್ಲಿ ಅಟ್ಟದ ದೊಡ್ಡ ಮುಚ್ಚಳವನ್ನು ಎತ್ತಿ ಬಾಣಲೆಯ ಮೇಲೆ ಕವುಚಿದರು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತು. ಅಷ್ಟರಲ್ಲಿ ಬಡಿಸುವವನೊಬ್ಬ ಮೈನ್ ಎಳೆದ. ಇದೆಲ್ಲ ನಾನು ಆಮೇಲೆ ಕೇಳಿದ್ದು.

ನಾನು ಹೋಗಿ ಮುಟ್ಟುವಾಗ ಐದು ಗಂಟೆ. ಭಟ್ರನ್ನು ಆಸ್ಪತ್ರೆಗೆ ಒಯ್ದಿದ್ದರು. ಕಟ್ಟಡದ ಫೆಸಿಲಿಟಿ ಮ್ಯಾನೇಜರ್ ಪೆಟ್ಟಿಗೆ ತೆರೆಸಿಕೊಂಡು ಕಾಯುತ್ತಿದ್ದರು. ಅವರಿಗೆ ಮೂವತ್ತರ ಒಳಗಿನ ಪ್ರಾಯ. ತಂದೆತಾಯಿ ನಮ್ಮೂರಿನ ಕಡೆಯವರು, ಇವರು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಬೀಗ ಹಟಮಾಡಿತೆಂದು ಸೆಕ್ಯುರಿಟಿಯವನು ಬಾಗಿಲನ್ನು ಗುದ್ದಿ ಗುದ್ದಿ ತೆಗೆದನಂತೆ. ಒಳಗೆ ಕಾಂಟ್ಯಾಕ್ಟರಿನ ಕಪ್ಪು ಪಟ್ಟಿ ಹೊರಗೇ ಬಂದು ಕೂತಿತ್ತು, ಹೇಗಿರಬೇಕೋ ಹಾಗೆ.

ಪರೀಕ್ಷೆ ಮಾಡಿದೆ. ಹಸಿರು ಒತ್ತು, ಕೆಂಪು ಒತ್ತು. ಟಕ್. ಮತ್ತೆ ಟಕ್. ಹತ್ತು ಸಲ ಮಾಡಿದೆ, ಹತ್ತು ಸಲವೂ ಸರಿ. ಫ್ಯಾನ್ ಆರಿಸಿದೆ, ವೈರು ಎಳೆದೆ, ಎಲ್ಲ ಸರಿ.

"ತೋ ಫಿರ್ ಹುವಾ ಕೈಸೇ, ಅಂಕಲ್?" ಎಂದರು ಮ್ಯಾನೇಜರ್.

ಹಾಗಾದರೆ ಆದದ್ದು ಹೇಗೆ? ನನಗೆ ಒಂದೇ ಉತ್ತರ ಹೊಳೆಯಿತು. ರಟ್ಟು. ಮತ್ತೆ ಸಿಕ್ಕಿಸಿದ್ದಾರೆ, ಬೆಂಕಿ ಬಿದ್ದಾಗ ಗಾಬರಿಯಲ್ಲಿ ಕಿತ್ತೆಸೆದಿದ್ದಾರೆ. ಬೀಗದ ಕೈ ಎಲ್ಲಿದೆ ಎಂದು ಅವರಿಗೆ ಗೊತ್ತು. ಹಸಿರು ಬಟನ್ ಬೇಕಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರು ಬೇರೆ. ಆ ಫೋನನ್ನು ಕೇಳಿದಾಗ ನೆನಪಿಡದವನು ಈಗ ಸಾಕ್ಷಿಗೆ ನೆನಪಿಸಿಕೊಂಡೆ. ಅಷ್ಟು ಸಿಟ್ಟು ಬಂದಿತ್ತು. ನನ್ನ ಪೆಟ್ಟಿಗೆ ಸರಿಯಿದೆ, ಅದನ್ನು ಹಾಳು ಮಾಡುವ ಜನರ ಕೈಗೆ ಕೊಟ್ಟದ್ದೇ ತಪ್ಪು ಎಂದು ಹಲ್ಲು ಕಡಿಯುತ್ತಾ ಸಲಹೆಗಾರರ ಹಾಳೆಯನ್ನು ತುಂಬಿಸಿದೆ. ಕಾರಣ: ದೋಸೆ ಮಾಡುವವನು ಕಾಂಟ್ಯಾಕ್ಟರಿಗೆ ರಟ್ಟು ಸಿಕ್ಕಿಸಿರುವುದು, ಹಿಂದೆಯೂ ಹೀಗೆ ಮಾಡಿದ್ದಾನೆ. ಬಟನ್ ಒತ್ತಿದವರು ಎಂಬಲ್ಲಿ ಒಂದು ಗೆರೆ ಎಳೆದು ಸಹಿ ಹಾಕಿದೆ.

ಆ ಹಾಳೆ ಸಾಕಾಯಿತು. ಆ ಮನುಷ್ಯ ಇರುವವರೆಗೆ ಅಡುಗೆಮನೆ ತೆರೆಯುವಂತಿಲ್ಲ ಎಂದರು ಕಟ್ಟಡದವರು. ಧಣಿಗಳು ಆಸ್ಪತ್ರೆಯಿಂದ ಬಂದ ಭಟ್ರಿಗೆ ಊರಿಗೆ ಹೋಗಲು ಹೇಳಿದರು. ಜೊತೆಗೆ, ಕಾಂಟ್ಯಾಕ್ಟರ್ ಸರಿಯಿದ್ದರೂ ಹೊಸದು ಹಾಕಬೇಕೆಂದು ಕಟ್ಟಡದವರು ಹಟ ಹಿಡಿದರು. ಹಾಕಿಕೊಟ್ಟೆ. ಹಳೆಯದು ನನ್ನ ಟೂಲ್ ಬ್ಯಾಗಿನಲ್ಲಿ ಡೊಂಬಿವಲಿಗೆ ಬಂತು.

ಭಾನುವಾರ ಬೆಳಿಗ್ಗೆ ಅದನ್ನು ಮೇಜಿನ ಮೇಲಿಟ್ಟೆ. ಭಟ್ರ ಫೋನು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ರಟ್ಟು ಸಿಕ್ಕಿಸಿದ ಮನುಷ್ಯ ಅದನ್ನು ನನಗೇ ಫೋನ್ ಮಾಡಿ ಯಾಕೆ ಹೇಳುತ್ತಾನೆ? 'ನೀವೇ ಎಂತಾದ್ರೂ ಮಾಡಿದ್ದಾ' ಎಂದು ಯಾಕೆ ಕೇಳುತ್ತಾನೆ? ಎರಡು ವೈರು ಕೊಟ್ಟು ಕಾಯಿಲಿಗೆ ಕರೆಂಟು ಹಾಕಿದೆ, ತೆಗೆದೆ. ಟಕ್. ಸರಿಯಿದೆ. ಇನ್ನೊಮ್ಮೆ ಹಾಕಿದೆ. ಅಡುಗೆಮನೆಯಲ್ಲಿ ಅದು ಹೀಗೆ ಒಂದು ಕ್ಷಣ ಹಾಕಿ ತೆಗೆಯುವ ವಸ್ತುವಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಎಳೆದು ಹಿಡಿದೇ ಇರುತ್ತದೆ ಎಂದು ಆಗ ಹೊಳೆಯಿತು. ಹಾಗೇ ಬಿಟ್ಟು ತಿಂಡಿಗೆ ಎದ್ದೆ. ಊಟವಾಯಿತು. ಕಾಯಿಲ್ ಮುಟ್ಟಿದರೆ ಚೆನ್ನಾಗಿ ಬಿಸಿಯಾಗಿತ್ತು. ಎರಡು ಗಂಟೆಗೆ ಸ್ವಿಚ್ ಆರಿಸಿದೆ.

ಸದ್ದು ಬರಲಿಲ್ಲ.

ಸ್ವಿಚ್ ಆರಿದೆಯೇ ಎಂದು ಮತ್ತೆ ನೋಡಿದೆ. ಆರಿತ್ತು. ವೈರನ್ನೇ ಕಿತ್ತೆ. ಕಪ್ಪು ಪಟ್ಟಿ ಒಳಗೇ ಕಚ್ಚಿಕೊಂಡಿತ್ತು. ಕಾಂಟ್ಯಾಕ್ಟರನ್ನು ಎತ್ತಿ ಮೇಜಿಗೆ ಮೆಲ್ಲಗೆ ಕುಟ್ಟಿದೆ, ಟಕ್ ಎಂದು ಹೊರಬಂತು. ಸೆಕ್ಯುರಿಟಿಯವನು ಬಾಗಿಲು ಗುದ್ದಿದ್ದು ನೆನಪಾಯಿತು.

ನಾಲ್ಕು ಸ್ಕ್ರೂ ಬಿಚ್ಚಿ ಮುಂಭಾಗ ತೆಗೆದೆ. ಪಟ್ಟಿ ಜಾರುವ ಸಂದಿಯ ಎರಡೂ ಬದಿಗೆ ಕೆಂಪುಕಂದು ಬಣ್ಣದ ಗಟ್ಟಿ ಪದರ ಹಿಡಿದಿತ್ತು. ಅಡುಗೆಮನೆಯ ಎಣ್ಣೆಯ ಜಿಡ್ಡು ಸೇರಿದ ಆ ಪದರ ಕಾಯಿಲಿನ ಬಿಸಿಗೆ ಮೆತ್ತಗಾಗಿ ಅಂಟಿನ ಹಾಗೆ ಹಿಡಿಯುತ್ತಿತ್ತು. ಉಗುರಿನಿಂದ ಕೆರೆದು ನೋಡುತ್ತಿದ್ದೆ. ಪಾತ್ರೆ ಎತ್ತಲು ಬಂದ ಹೆಂಡತಿ ಬಗ್ಗಿ ಮೂಸಿದಳು.

"ಇದು ನಮ್ಮ ಗಂಧ ಅಲ್ವಾ?"

ಹೌದು, ನಮ್ಮದೇ. ನವಮಿಯ ದಿನ ಹಸಿ ಗಂಧವನ್ನು ಜಾರುವ ಪಟ್ಟಿಯ ಮೇಲೆಯೇ ಮೆತ್ತಿ, ಅದು ಒಣಗುವ ಮೊದಲೇ ಹಸಿರು ಬಟನ್ ಒತ್ತಿ ಒಳಗೆಳೆಸಿದವನು ನಾನು. ಬೆಂಕಿ ಬಿದ್ದ ದಿನ ಹತ್ತು ಸಲ ಪರೀಕ್ಷೆ ಮಾಡುವಾಗಲೂ ಆ ಬೊಟ್ಟು ನನ್ನ ಕಣ್ಣೆದುರೇ ಇತ್ತು. ಅದನ್ನು ನೋಡಿ ಅನುಮಾನ ಪಡಬೇಕೆಂದು ನನಗಷ್ಟೇ ಅಲ್ಲ, ಯಾರಿಗೂ ತೋಚಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವನ ಎಲೆಯ ನೊಣ ತೋರಿಸಿದಂತಾಗಿತ್ತು ನನ್ನ ವರದಿ.

ಆ ದಿನ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನಡೆಯುತ್ತದೆ ಎಂಬ ಯೋಚನೆಯೂ ಬಂತು, ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹೊಸ ಕಾಂಟ್ಯಾಕ್ಟರ್ ಹಾಕಿಯಾಗಿದೆ, ಅದಕ್ಕೆ ಗಂಧ ಇಲ್ಲ. ಐರೋಲಿ, ಠಾಣೆಯ ಕೆಲಸ ಬರಲಿದೆ. ಆದರೆ ಸುಟ್ಟ ಕೈಯೊಂದು ಮಾಡದ ತಪ್ಪನ್ನು ಹೊತ್ತು ಊರಿಗೆ ಹೊರಟಿದೆ. ಮೂವತ್ತು ವರ್ಷ ಕಾವಲಿಯೆದುರು ನಿಂತವರನ್ನು ಇನ್ನು ಮುಂಬಯಿಯ ಯಾವ ಹೋಟೆಲಿನವರು ಕರೆಯುತ್ತಾರೆ? ಕಟ್ಟಡಕ್ಕೆ ಬೆಂಕಿ ಹಾಕಿದವನು ಎಂಬ ಮಾತು ಅವರಿಗಿಂತ ಮೊದಲು ಬಸ್ಸು ಹತ್ತಿರುತ್ತದೆ.

ಸೋಮವಾರ ಬೆಳಿಗ್ಗೆ ಬಿಚ್ಚಿದ ಕಾಂಟ್ಯಾಕ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮಹಾಪೆಗೆ ಹೋದೆ. ಫೆಸಿಲಿಟಿ ಮ್ಯಾನೇಜರ್ ನೋಡಿದರು, ಕೇಳಿದರು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ಅಂಕಲ್, ಯೇ ಲಿಖಕೇ ಮತ್ ದೋ."

ಬರೆದು ಕೊಡಬೇಡಿ ಎಂದರೆ? ನಾನು ಕನ್ನಡದಲ್ಲೇ ಕೇಳಿದೆ. ಅವರು ಹಿಂದಿಯಲ್ಲೇ ಬಿಡಿಸಿ ಹೇಳಿದರು. ಒಂದು ವರದಿ ಮೇಲಿನವರಿಗೆ ಹೋಗಿಯಾಗಿದೆ. ಎರಡನೆಯದು ಹೋದರೆ ಮೊದಲನೆಯದನ್ನು ನಂಬಿದ ತಾವೂ ಉತ್ತರ ಕೊಡಬೇಕು. ಆ ಅಡುಗೆಯವರು ಹೇಗೂ ಹೊರಟಿದ್ದಾರಲ್ಲ. ನಿಮ್ಮ ಮುಂದಿನ ಕೆಲಸವನ್ನೂ ಯೋಚಿಸಿ.

ಧಣಿಗಳ ಬಳಿ ಹೋದೆ. ಅವರು ಗಲ್ಲದ ಮೇಲೆ ಕೈಯಿಟ್ಟು ಕೇಳಿದರು.

"ಹೋಗ್ಲಿ ಬಿಡಿ ಮಾರಾಯ್ರೆ. ಬೇರೆ ದೋಸೆಯವನಿಗೆ ಹೇಳಿಯಾಗಿದೆ. ಪೂಜೆಯಿಂದ ಬೆಂಕಿ ಬಿತ್ತು ಅಂತ ಆದ್ರೆ ನಾಳೆ ಇಲ್ಲಿ ಒಂದು ದೀಪ ಹಚ್ಲಿಕ್ಕೆ ಬಿಡುದಿಲ್ಲ ಇವರು."

"ಪೂಜೆಯಿಂದಲ್ಲ, ನನ್ನಿಂದ. ಎಲ್ಲಿ ಹಚ್ಚಬಾರದು ಅಂತ ನನಗೆ ಗೊತ್ತಿರಬೇಕಿತ್ತು."

"ಗೊತ್ತಾಯ್ತಲ್ಲಾ ಈಗ. ಸಾಕು."

ತಪ್ಪು ಮುಚ್ಚಿಡಲು ಜನ ಕಷ್ಟಪಡುವುದನ್ನು ನೋಡಿದ್ದೆ. ತಪ್ಪು ಒಪ್ಪಿಕೊಳ್ಳಲು ಮನೆಮನೆ ಬಾಗಿಲು ತಟ್ಟಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕ್ಯಾಂಟೀನಿನ ಮೇಜಿನ ಮೇಲೇ ಕೂತು ಎರಡನೇ ವರದಿ ಬರೆದೆ. ಗಂಧ ಹಚ್ಚಿದ್ದು ನಾನು, ರಟ್ಟು ಇರಲಿಲ್ಲ, ಮೊದಲ ವರದಿ ತಪ್ಪು. ಒಂದು ಪ್ರತಿಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಇನ್ನೊಂದನ್ನು ಠಾಣೆಗೆ ಹೋಗಿ ಸಲಹೆಗಾರರ ಕೈಗೇ ಕೊಟ್ಟೆ. ಅವರು ಕಾಂಟ್ಯಾಕ್ಟರಿನ ಸಂದಿಯನ್ನು ಟಾರ್ಚ್ ಬಿಟ್ಟು ನೋಡಿದರು. ನಾಳೆ ಎಲ್ಲರೆದುರು ಮರುಪರೀಕ್ಷೆ, ಬೆಳಿಗ್ಗೆಯಿಂದ ಒಲೆ ಉರಿಯುತ್ತಿರಲಿ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಠಾಣೆಯಿಂದ ಕಳವಾ ಒಂದೇ ಸ್ಟೇಷನ್. ಭಟ್ರು ಹೋಟೆಲು ಕೆಲಸದ ಇನ್ನೂ ನಾಲ್ವರ ಜೊತೆ ಇದ್ದ ಒಂದೇ ಕೋಣೆಯ ಖೋಲಿ ರೈಲ್ವೆ ಕಾರ್‌ಶೆಡ್ಡಿನ ಆಚೆ ಇತ್ತು. ಬಾಗಿಲಲ್ಲೇ ಕಟ್ಟಿದ ಚೀಲ, ಅದರ ಮೇಲೆ ಮಡಚಿದ ಪಂಚೆ. ಸಂಜೆ ಏಳರ ಬಸ್ಸಿಗೆ ಟಿಕೆಟ್ ಆಗಿತ್ತು. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು.

ನಿಂತುಕೊಂಡೇ ಎಲ್ಲ ಹೇಳಿದೆ. ಚೀಲದಿಂದ ಕಾಂಟ್ಯಾಕ್ಟರ್ ತೆಗೆದು ತೋರಿಸಿದೆ. ಅವರು ಎಡಗೈಯಲ್ಲಿ ಹಿಡಿದು ಕಪ್ಪು ಪಟ್ಟಿಯನ್ನು ಒತ್ತಿ ನೋಡಿದರು.

"ಹಸಿರು ಬಟನ್ ಬೇಡ ಅಂತ ನಾನು ಆವತ್ತೇ ಫೋನ್ ಮಾಡಿದ್ದೆ."

"ಮಾಡಿದ್ರಿ."

"ಮೊದಲು ರಟ್ಟು ಇಟ್ಟದ್ದು ನಾನೇ. ಅದಕ್ಕೆ ನೀವು ಬೈದ್ರಿ, ನ್ಯಾಯ. ಅದಕ್ಕೇ ಈ ಸಲವೂ ನನ್ನ ಮೇಲೆ ಬಂತು, ಅದೂ ನನಗೆ ಅರ್ಥ ಆಗ್ತದೆ." ಅವರು ಕಾಂಟ್ಯಾಕ್ಟರನ್ನು ವಾಪಸು ಕೊಟ್ಟರು. "ಆದ್ರೆ ಮಾರಾಯ್ರೆ, ಬಾಣಲೆ ಹೊತ್ತಿದಾಗ ಓಡಿ ಹೋಗ್ಲಿಕ್ಕೆ ಆಗ್ತಿತ್ತು ನನಗೆ. ಹೋಗ್ಲಿಲ್ಲ. ನೀವು ಕಲಿಸಿದ ಹಾಗೆ ಕೆಂಪು ಬಟನ್ ಒತ್ತಿದೆ. ಮೂರು ಸಲ ಒತ್ತಿದೆ. ನಿಮ್ಮ ಕಾಗದದಲ್ಲಿ ಅದಕ್ಕೊಂದು ಜಾಗ ಉಂಟಂತಲ್ಲಾ, ಧಣಿಗಳು ಹೇಳಿದ್ರು. ಅಲ್ಲಿ ನೀವು ಗೆರೆ ಎಳೆದಿದ್ದೀರಿ."

ಕಾಂಟ್ಯಾಕ್ಟರನ್ನು ಚೀಲಕ್ಕೆ ಹಾಕಿದೆ. ಕಾರ್‌ಶೆಡ್ಡಿನಿಂದ ಖಾಲಿ ಗಾಡಿಯೊಂದು ಹೊರಗೆ ಬರುತ್ತಿತ್ತು. ನಾಳೆ ಒಂದು ದಿನ ನಿಲ್ಲಿ, ಪರೀಕ್ಷೆಗೆ ಬನ್ನಿ ಎಂದೆ. ಟಿಕೆಟ್ 'ಕ್ಯಾನ್ಸಲ್' ಮಾಡಲು ನಾನೇ ಹೋಗಿಬಂದೆ.

ಮರುದಿನ ಬೆಳಿಗ್ಗೆ ಎಂಟರಿಂದ ಒಲೆ ಉರಿಯಿತು. ಮಧ್ಯಾಹ್ನ ಒಂದು ಗಂಟೆಗೆ ಅಡುಗೆಮನೆಯಲ್ಲಿ ಸಲಹೆಗಾರರು, ಮ್ಯಾನೇಜರ್, ಧಣಿಗಳು, ಬಡಿಸುವವರು ಎಲ್ಲ ಸೇರಿದರು. ಕಾಯಿಲ್ ಬಿಸಿಯಾಗಿದೆಯೇ ಎಂದು ಸಲಹೆಗಾರರು ಕೈಯಿಟ್ಟು ನೋಡಿದರು. ನಾನು ಕೆಂಪು ಬಟನ್ನಿನ ಬಳಿ ಹೋದವನು ಬದಿಗೆ ಸರಿದು ನಿಂತೆ.

"ಭಟ್ರೆ, ನೀವು ಒತ್ತಿ."

ಧಣಿಗಳು ತಲೆತಗ್ಗಿಸಿದರು. ಭಟ್ರು ಬಂದು ಎಡಗೈಯ ಹೆಬ್ಬೆರಳಿನಿಂದ ಒತ್ತಿದರು.

ಟಕ್. ಒಲೆಯ ದೀಪ ಆರಿತು.

ಮೊದಲು ಬಾಯಿ ತೆರೆದವರು ಧಣಿಗಳು. "ಕೈ ವಾಸಿ ಆಗ್ಲಿ, ಆಮೇಲೆ ಬನ್ನಿ. ಕಾವಲಿಗೆ ಬೇರೆ ಯಾರನ್ನೂ ನಿಲ್ಲಿಸುದಿಲ್ಲ," ಎಂದರು. ಐರೋಲಿ ಮತ್ತು ಠಾಣೆಯ ಕೆಲಸ ನನಗೆ ಬರುವುದಿಲ್ಲ ಎಂದು ಮ್ಯಾನೇಜರರ ಮುಖ ನೋಡಿಯೇ ತಿಳಿಯಿತು. ಆ ಹೊತ್ತಿಗೆ ಅದು ಅಂಥ ನೋವನ್ನೇನೂ ಕೊಡಲಿಲ್ಲ.

"ಈಗ ಬರೀರಿ," ಎಂದರು ಭಟ್ರು.

ಮ್ಯಾನೇಜರ್ ತಂದಿದ್ದ ವರದಿಗಳ ಕಡತದ ಪಕ್ಕ ಮೇಜಿನ ಮೇಲೆ ಹೊಸ ಹಾಳೆ ಹರಡಿದೆ. ದಿನ, ಕಾರಣ, ಕರೆಂಟು ಕಡಿಯಿತು, ಎಲ್ಲ ತುಂಬಿಸಿದೆ. ಬಟನ್ ಒತ್ತಿದವರು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಅವರು ಹೊಯ್ದ ದೋಸೆಯನ್ನು ಎಷ್ಟೋ ಬೆಳಿಗ್ಗೆ ತಿಂದಿದ್ದೆ, ಅವರನ್ನು ಬೈದಿದ್ದೆ, ಅವರ ಮೇಲೆ ವರದಿ ಬರೆದಿದ್ದೆ.

"ಭಟ್ರೆ," ಎಂದೆ, "ನಿಮ್ಮ ಹೆಸರೆಂತ?"

ಅವರು ನನ್ನನ್ನು ಒಮ್ಮೆ ನೋಡಿದರು. ಊರಿನ ಹೆಸರು, ತಂದೆಯ ಹೆಸರು, ತಮ್ಮ ಹೆಸರು, ಒಂದೊಂದಾಗಿ ನಿಧಾನವಾಗಿ ಹೇಳಿದರು. ಹಾಳೆಯಲ್ಲಿ ಅಷ್ಟಕ್ಕೆ ಜಾಗ ಇರಲಿಲ್ಲ, ಅಂಚಿನವರೆಗೂ ಬರೆದೆ. ಬರೆದು ಮುಗಿಸುವಾಗ ಅವರು ಎಡಗೈಯಿಂದ ಕಡತ ತಿರುವಿ, ಬೆಂಕಿ ಬಿದ್ದ ದಿನದ ಹಾಳೆಯನ್ನು ಮೇಲಕ್ಕೆ ತಂದಿಟ್ಟರು. ನಾನು ಎಳೆದಿದ್ದ ಗೆರೆಯ ಮೇಲೆಯೇ, ಅದೇ ಹೆಸರನ್ನು ಇನ್ನೊಮ್ಮೆ ಬರೆದೆ.